ಹೆದ್ದಾರಿಯ ಹಣವೂ ಮದ್ಯದ ವಯೋಮಿತಿಯೂ

ಗೋವೆಯನ್ನು ದಾಟಿ ಕಾರವಾರ, ಕುಂದಾಪುರ, ಉಡುಪಿ, ಕಾಪು, ಮಂಗಳೂರುಗಳನ್ನು ಹಾದು ಕಾಸರಗೋಡಿನತ್ತ ಸಾಗುವ ೬೬ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಕಟ್ಟಿಸುವ ಮತ್ತು ಕಾಪಾಡುವ ಹೊಣೆ ಕೇಂದ್ರ ಸರಕಾರದ್ದು. ರಸ್ತೆ ಒಂದೇ, ಅದರ ಒಡೆತನವೂ ಒಂದೇ. ಆದರೆ ಆ ರಸ್ತೆಯ ಮೇಲೆ ಮದ್ಯವನ್ನು ಕೊಳ್ಳಲು ಬೇಕಾದ ವಯಸ್ಸು ಮಾತ್ರ ಒಂದಾಗಿಲ್ಲ. ಗೋವೆಯಲ್ಲಿ ಅದು ೧೮, ಕೇರಳದಲ್ಲಿ ೨೩. ಇವೆರಡರ ನಡುವೆ ಇರುವ ನಮ್ಮ ರಾಜ್ಯದ ಅಧಿನಿಯಮದಲ್ಲಿ ಒಂದು ಅಂಕಿ, ಅದೇ ಅಧಿನಿಯಮದ ಕೆಳಗೆ ರಚಿತವಾದ ನಿಯಮದಲ್ಲಿ ಇನ್ನೊಂದು ಅಂಕಿ ಕಂಡುಬರುತ್ತದೆ. ಈ ವೈಚಿತ್ರ್ಯವನ್ನು ಮುಂದೆ ಸ್ವಲ್ಪ ವಿವರವಾಗಿ ನೋಡೋಣ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದಕ್ಕೆ ತೀರ ಭಿನ್ನವಾದ ಸ್ಥಿತಿಯಿದೆ. ಅಲ್ಲಿಯೂ ಮದ್ಯದ ನಿಯಂತ್ರಣ ರಾಜ್ಯಗಳಿಗೆ ಸೇರಿದ ವಿಷಯವೇ. ಆದರೂ ೧೯೮೮ರ ಹೊತ್ತಿಗೆ ಅಲ್ಲಿಯ ಎಲ್ಲ ರಾಜ್ಯಗಳೂ ೨೧ ವರ್ಷದ ಮಿತಿಯನ್ನು ಒಪ್ಪಿಕೊಂಡಿದ್ದವು. ಒಪ್ಪಿಸಿದುದು ಹೆದ್ದಾರಿಯ ಹಣ. ಈ ಉದಾಹರಣೆಯನ್ನು ಎತ್ತಿಕೊಂಡು, ನಮ್ಮ ಕೇಂದ್ರ ಸರಕಾರವೂ ಅನುದಾನಗಳಿಗೆ ಇಂಥ ಷರತ್ತನ್ನು ಹಾಕಿದರೆ ಸಾಕು, ರಾಜ್ಯಗಳು ತಾವಾಗಿಯೇ ದಾರಿಗೆ ಬರುತ್ತವೆ ಎಂದು ವಾದಿಸುವವರು ಇದ್ದಾರೆ. ಒಕ್ಕೂಟ ವ್ಯವಸ್ಥೆಯ ಪಾಠವನ್ನು ಹೇಳುವಾಗ ನನ್ನ ತರಗತಿಯಲ್ಲಿಯೂ ಈ ಪ್ರಶ್ನೆ ಎದ್ದಿತು. "ಅಲ್ಲಿ ಆದದ್ದು ಇಲ್ಲಿ ಏಕೆ ಆಗಬಾರದು, ಸರ್?" ಎಂದು ಕೇಳಿದವನು ಕಾರ್ಕಳದಿಂದ ಬಸ್ಸಿನಲ್ಲಿ ಬರುವ ಹುಡುಗ. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನವನ್ನು ತರಲಿಲ್ಲ. ಪ್ರಸ್ತುತ ಲೇಖನವನ್ನು ಆ ಉತ್ತರದ ತಿದ್ದುಪಡಿಯೆಂದು ವಾಚಕರು ಭಾವಿಸಬಹುದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಣದ ಒತ್ತಡವು ಮದ್ಯದ ಕಾನೂನನ್ನು ರೂಪಿಸುವ ಕೆಲಸ ನಮ್ಮಲ್ಲಿಯೂ ನಡೆದಿದೆ, ಆದರೆ ಅದು ಅಮೆರಿಕದ ದಿಕ್ಕಿಗೆ ವಿರುದ್ಧವಾಗಿ ಹರಿದಿದೆ. ಅಲ್ಲಿ ಕೇಂದ್ರವು ಹಣವನ್ನು ಬಿಗಿಹಿಡಿದು ವಯಸ್ಸನ್ನು ಏರಿಸಿತು. ಇಲ್ಲಿ ಕೇಂದ್ರವು ಪಾನನಿರೋಧದ ಮಾತನ್ನು ಆಡುತ್ತ, ಅದರ ವೆಚ್ಚವನ್ನು ರಾಜ್ಯಗಳ ಹೆಗಲಿಗೇ ಬಿಟ್ಟು, ಜೊತೆಗೆ ರಾಜ್ಯಗಳ ಬೇರೆ ತೆರಿಗೆಗಳ ಅಧಿಕಾರವನ್ನೂ ಕಿರಿದುಮಾಡಿತು. ಹೀಗಾಗಿ ರಾಜ್ಯಗಳು ಮದ್ಯದ ಆದಾಯಕ್ಕೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡವು.

ಅಮೆರಿಕದ ಸಂಗತಿಯನ್ನು ಮೊದಲು ಸರಿಯಾಗಿ ತಿಳಿಯುವುದು ಅಗತ್ಯ, ಏಕೆಂದರೆ ಅದನ್ನು ಉದಾಹರಿಸುವವರಲ್ಲಿ ಹಲವರು ಅರ್ಧ ಕಥೆಯನ್ನೇ ಹೇಳುತ್ತಾರೆ. ೧೯೭೧ರಲ್ಲಿ ಅಲ್ಲಿಯ ಸಂವಿಧಾನದ ೨೬ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು ೧೮ಕ್ಕೆ ಇಳಿಯಿತು. ಯುದ್ಧಕ್ಕೆ ಹೋಗಬಲ್ಲವನು, ಮತ ಹಾಕಬಲ್ಲವನು ಒಂದು ಲೋಟ ಬಿಯರನ್ನು ಏಕೆ ಕುಡಿಯಬಾರದು ಎಂಬ ನ್ಯಾಯದಿಂದ ಹಲವು ರಾಜ್ಯಗಳು ಮದ್ಯದ ವಯೋಮಿತಿಯನ್ನೂ ಇಳಿಸಿದವು. ಎಲ್ಲ ರಾಜ್ಯಗಳೂ ಇಳಿಸಲಿಲ್ಲ. ಇಳಿಸಿದವುಗಳಲ್ಲಿಯೂ ಅಂಕಿ ಒಂದೇ ಆಗಿರಲಿಲ್ಲ. ಮಿತಿ ಹೆಚ್ಚಿದ್ದ ರಾಜ್ಯದ ಯುವಕರು ಮಿತಿ ಕಡಿಮೆಯಿದ್ದ ನೆರೆಯ ರಾಜ್ಯಕ್ಕೆ ಮೋಟಾರಿನಲ್ಲಿ ಹೋಗಿ, ಕುಡಿದು, ರಾತ್ರಿಯಲ್ಲಿ ಹಿಂದಿರುಗುವುದು ವಾಡಿಕೆಯಾಯಿತು. ಗಡಿಯ ರಸ್ತೆಗಳಲ್ಲಿ ಸಾವುಗಳು ಸಂಭವಿಸಿದವು. ಹೀಗೆ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಸಂಘಟನೆಯೊಂದು ೧೯೮೦ರಲ್ಲಿ ಹುಟ್ಟಿ ದೇಶವ್ಯಾಪಿಯಾಯಿತು.

ಅಧ್ಯಕ್ಷ ರೇಗನ್ನರು ರಾಜ್ಯಗಳ ಹಕ್ಕಿನ ಪಕ್ಷಪಾತಿಗಳು. ಮೊದಲು ಈ ಪ್ರಸ್ತಾಪವನ್ನು ಅವರು ಒಪ್ಪಿರಲಿಲ್ಲ. ಆದರೆ ೧೯೮೪ರ ಜುಲೈ ೧೭ರಂದು ಅವರೇ ರಾಷ್ಟ್ರೀಯ ಕನಿಷ್ಠ ಪಾನವಯಸ್ಸಿನ ಅಧಿನಿಯಮಕ್ಕೆ ಸಹಿ ಹಾಕಿದರು. ಆ ಅಧಿನಿಯಮವು ಯಾವ ರಾಜ್ಯಕ್ಕೂ "ನೀನು ವಯಸ್ಸನ್ನು ಏರಿಸು" ಎಂದು ಆಜ್ಞಾಪಿಸುವುದಿಲ್ಲ. ೨೧ಕ್ಕಿಂತ ಕಡಿಮೆ ವಯಸ್ಸಿನವರಿಗೆ ಮದ್ಯವನ್ನು ಕೊಳ್ಳಲು ಬಿಡುವ ರಾಜ್ಯಕ್ಕೆ ಸಲ್ಲಬೇಕಾದ ಹೆದ್ದಾರಿ ಹಣದಲ್ಲಿ ಮೊದಲ ವರ್ಷ ನೂರಕ್ಕೆ ೫ನ್ನೂ ಅನಂತರ ನೂರಕ್ಕೆ ೧೦ನ್ನೂ ತಡೆಹಿಡಿಯಬೇಕೆಂದಷ್ಟೇ ಅದು ಹೇಳಿತು. (೨೦೧೨ನೆಯ ಆರ್ಥಿಕ ವರ್ಷದಿಂದ ಈ ಪ್ರಮಾಣ ನೂರಕ್ಕೆ ೮ ಆಗಿದೆ.) ದಕ್ಷಿಣ ಡಕೋಟವು ೧೯ ವರ್ಷದವರಿಗೆ ನೂರಕ್ಕೆ ೩.೨ರಷ್ಟು ಮದ್ಯಸಾರವುಳ್ಳ ಲಘು ಬಿಯರನ್ನು ಮಾರಲು ಬಿಟ್ಟಿತ್ತು. ಅದು ನ್ಯಾಯಾಲಯಕ್ಕೆ ಹೋಯಿತು. ಸಾರಿಗೆ ಕಾರ್ಯದರ್ಶಿಯಾಗಿದ್ದ ಎಲಿಜಬೆತ್ ಡೋಲ್ ಪ್ರತಿವಾದಿಯಾದುದರಿಂದ ಆ ಮೊಕದ್ದಮೆಯು "ದಕ್ಷಿಣ ಡಕೋಟ ವಿರುದ್ಧ ಡೋಲ್" ಎಂದು ಪ್ರಸಿದ್ಧವಾಗಿದೆ. ೧೯೮೭ರ ಜೂನ್ ೨೩ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೭ಕ್ಕೆ ೨ರ ಬಹುಮತದಿಂದ ಒಕ್ಕೂಟ ಸರಕಾರದ ಪರವಾಗಿ ತೀರ್ಪಿತ್ತಿತು.

ಮುಖ್ಯ ನ್ಯಾಯಾಧೀಶ ರೆನ್‌ಕ್ವಿಸ್ಟರು ಬರೆದ ಆ ತೀರ್ಪು ಓದಲು ಸರಳವಾಗಿದೆ, ಸರಳತೆಯೇ ಅದರ ದೋಷವೂ ಆಗಿದೆ. ಹಣ ಕೊಡುವವನು ಷರತ್ತನ್ನು ಹಾಕಬಹುದು. ಷರತ್ತು ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಸ್ಪಷ್ಟವಾಗಿರಬೇಕು, ಕೊಡುವ ಹಣದ ಉದ್ದೇಶಕ್ಕೆ ಸಂಬಂಧಿಸಿರಬೇಕು, ಸಂವಿಧಾನದ ಬೇರೆ ವಿಧಿಗೆ ವಿರೋಧವಾಗಿರಬಾರದು. ಇದರ ಮೇಲೆ ಒತ್ತಡವು ಬಲಾತ್ಕಾರವಾಗುವಷ್ಟು ಬೆಳೆಯಬಾರದು. ಸುರಕ್ಷಿತ ಪ್ರಯಾಣವು ಹೆದ್ದಾರಿಗಳ ಮುಖ್ಯ ಉದ್ದೇಶಗಳಲ್ಲಿ ಒಂದಾದುದರಿಂದ ಸಂಬಂಧವಿದೆ, ತಡೆಹಿಡಿಯುವ ಹಣ ಅಲ್ಪವಾದುದರಿಂದ ಬಲಾತ್ಕಾರವಿಲ್ಲ ಎಂಬುದು ಅವರ ನಿರ್ಣಯ. ಆದರೆ ಆ ಹಣ ಯಾರದು ಎಂಬ ಪ್ರಶ್ನೆಯನ್ನು ತೀರ್ಪು ಕೇಳುವುದೇ ಇಲ್ಲ. ಅಮೆರಿಕದ ಹೆದ್ದಾರಿ ನಿಧಿಯು ೧೯೫೬ರಿಂದ ಪೆಟ್ರೋಲಿನ ಮೇಲಿನ ತೆರಿಗೆಯಿಂದ ತುಂಬುತ್ತ ಬಂದದ್ದು. ದಕ್ಷಿಣ ಡಕೋಟದ ರೈತನು ತನ್ನ ಟ್ರಕ್ಕಿಗೆ ಪೆಟ್ರೋಲು ಹಾಕಿಸುವಾಗ ತೆತ್ತ ಹಣವನ್ನೇ ಒಕ್ಕೂಟವು ಅವನ ರಾಜ್ಯಕ್ಕೆ ಷರತ್ತಿನೊಡನೆ ಹಿಂದಿರುಗಿಸುತ್ತಿತ್ತು. ಇದನ್ನು ದಾನವೆಂದು ಕರೆಯುವುದಕ್ಕೆ ಬಹಳ ಧೈರ್ಯ ಬೇಕು.

ಭಿನ್ನಮತವನ್ನು ಬರೆದ ನ್ಯಾಯಾಧೀಶೆ ಓ'ಕಾನರರು ಬೇರೊಂದು ದೌರ್ಬಲ್ಯವನ್ನು ಹಿಡಿದರು. ಕುಡಿದು ವಾಹನ ನಡೆಸುವುದನ್ನು ತಡೆಯುವುದೇ ಉದ್ದೇಶವಾದರೆ, ವಾಹನವನ್ನೇ ನಡೆಸದ ಹತ್ತೊಂಬತ್ತರ ಯುವಕನನ್ನೂ ಈ ನಿಯಮ ಕಟ್ಟಿಹಾಕುತ್ತದೆ. ಕುಡಿದು ವಾಹನ ನಡೆಸುವ ನಲವತ್ತರ ಗೃಹಸ್ಥನನ್ನು ಅದು ಮುಟ್ಟುವುದಿಲ್ಲ. ರಸ್ತೆಗೆ ಹಣ ಕೊಟ್ಟ ಮಾತ್ರಕ್ಕೆ ರಸ್ತೆಯ ಮೇಲೆ ಓಡಾಡುವ ಜನರ ಬದುಕಿನ ಎಲ್ಲ ಅಂಗಗಳೂ ಕೇಂದ್ರದ ಕೈಗೆ ಬರುವುದಾದರೆ, ರಾಜ್ಯಗಳಿಗೆ ಉಳಿಯುವುದೇನು? ಒಕ್ಕೂಟದ ತತ್ತ್ವದ ದೃಷ್ಟಿಯಿಂದ ಈ ಭಿನ್ನಮತವೇ ನನಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ. ಆದರೆ ಇಲ್ಲಿ ನನ್ನ ತತ್ತ್ವಕ್ಕೆ ಅಡ್ಡಬರುವ ಒಂದು ಲೆಕ್ಕವಿದೆ. ೧೯೭೫ರಿಂದ ೨೦೧೭ರವರೆಗೆ ೨೧ ವರ್ಷದ ಮಿತಿಯಿಂದ ಉಳಿದ ಜೀವಗಳು ೩೦ ಸಾವಿರಕ್ಕೂ ಹೆಚ್ಚೆಂದು ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆಯ ಅಂದಾಜು. ಸಂವಿಧಾನದ ಚರ್ಚೆಯಲ್ಲಿ ಗೆದ್ದವರು ಈ ಅಂಕಿಯ ಮುಂದೆ ಸ್ವಲ್ಪ ಮೌನವಾಗಿರುವುದು ಒಳ್ಳೆಯದು.

ಬಲಾತ್ಕಾರಕ್ಕೆ ಎಲ್ಲೆಯಿದೆ ಎಂದು ಬಾಯಿಮಾತಿಗೆ ಹೇಳಿ ಬಿಟ್ಟಿದ್ದ ಆ ನ್ಯಾಯಾಲಯವು ೨೦೧೨ರಲ್ಲಿ ಬಡವರ ವೈದ್ಯಕೀಯ ನೆರವಿನ ಮೊಕದ್ದಮೆಯಲ್ಲಿ ನಿಜವಾಗಿಯೂ ಎಲ್ಲೆಯನ್ನು ಎಳೆಯಿತು. ದಕ್ಷಿಣ ಡಕೋಟದ ಸಂದರ್ಭದಲ್ಲಿ ಪಣಕ್ಕಿದ್ದ ಹಣ ಆ ರಾಜ್ಯದ ಆಯವ್ಯಯದಲ್ಲಿ ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆಯಿತ್ತೆಂದು ಆ ತೀರ್ಪು ನೆನಪಿಸುತ್ತದೆ. ಅಷ್ಟು ಅಲ್ಪ ಮೊತ್ತವೂ ರಾಜ್ಯಗಳ ಮನಸ್ಸನ್ನು ಬದಲಿಸಿತೆಂಬುದು ಗಮನಾರ್ಹ. ಮದ್ಯದ ಆದಾಯವು ಆ ರಾಜ್ಯಗಳ ಜೀವನಾಡಿಯಾಗಿರಲಿಲ್ಲ ಎಂಬುದೇ ಇದರ ಕಾರಣವೆಂದು ನಾನು ಊಹಿಸುತ್ತೇನೆ. ನಮ್ಮ ಕಥೆ ಬೇರೆಯಾಗುವುದು ಇಲ್ಲಿಯೇ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಈಗಿನ ಉಡುಪಿ ಜಿಲ್ಲೆ ೧೯೯೭ರಲ್ಲಿ ಬೇರೆಯಾಗುವವರೆಗೆ ದಕ್ಷಿಣ ಕನ್ನಡದ ಭಾಗವಾಗಿತ್ತು. ದಕ್ಷಿಣ ಕನ್ನಡವು ೧೯೫೬ರ ನವೆಂಬರ್ ೧ರವರೆಗೆ ಮದರಾಸಿಗೆ ಸೇರಿತ್ತು. ೧೯೧೯ರ ಸುಧಾರಣೆಗಳ ಕಾಲದಿಂದಲೂ ಅಬಕಾರಿಯು ಪ್ರಾಂತಗಳ ಕೈಯಲ್ಲಿದ್ದು, ಅವುಗಳ ವರಮಾನದಲ್ಲಿ ದೊಡ್ಡ ಪಾಲನ್ನು ಪಡೆದಿತ್ತು. ಕಳ್ಳಿನಂಗಡಿಗಳ ಮುಂದೆ ಪಿಕೆಟಿಂಗು ಮಾಡಿದ ಕಾಂಗ್ರೆಸ್ಸು ೧೯೩೭ರಲ್ಲಿ ಅಧಿಕಾರಕ್ಕೆ ಬಂದಾಗ ರಾಜಾಜಿಯವರ ಮಂತ್ರಿಮಂಡಲವು ಅದೇ ಅಕ್ಟೋಬರ್ ೧ರಿಂದ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದಿತು. ಖಜಾನೆಗೆ ಬಿದ್ದ ಕನ್ನವನ್ನು ಮುಚ್ಚುವುದು ಹೇಗೆ? ಮೇಲಿನ ಸರಕಾರವು ಒಂದು ಕಾಸನ್ನೂ ಕೊಡುವಂತಿರಲಿಲ್ಲ. ೧೯೩೯ರಲ್ಲಿ ಮದರಾಸು ಸಾಮಾನ್ಯ ಮಾರಾಟ ತೆರಿಗೆಯ ಅಧಿನಿಯಮವನ್ನು ತಂದಿತು. ಭಾರತದಲ್ಲಿ ಈ ಬಗೆಯ ಸಾಮಾನ್ಯ ಮಾರಾಟ ತೆರಿಗೆಗೆ ಅದೇ ಮೊದಲು. ಪಾನನಿರೋಧದ ಬೆಲೆಯನ್ನು ಪ್ರಾಂತವು ತನ್ನ ಜನರಿಂದಲೇ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೂಲಕ ತೆಗೆದುಕೊಂಡಿತು. ಅದು ಸರಿಯೋ ತಪ್ಪೋ, ಒಂದು ಪ್ರಾಮಾಣಿಕತೆ ಅದರಲ್ಲಿತ್ತು. ಒಂದು ತೆರಿಗೆಯನ್ನು ಬಿಟ್ಟವನು ಇನ್ನೊಂದನ್ನು ಹಾಕುತ್ತೇನೆಂದು ಶಾಸನಸಭೆಯಲ್ಲಿ ಎದ್ದುನಿಂತು ಹೇಳಿದ.

ಯುದ್ಧಕಾಲದಲ್ಲಿ ನಿಂತುಹೋದ ಪಾನನಿರೋಧವು ೧೯೪೬ರಿಂದ ಹಂತಹಂತವಾಗಿ ಮರಳಿ ಬಂದು ೧೯೪೮ರ ಅಕ್ಟೋಬರ್ ೨ರ ಹೊತ್ತಿಗೆ ಇಡೀ ಪ್ರಾಂತವನ್ನು ಆವರಿಸಿತು. ನಮ್ಮ ಜಿಲ್ಲೆಯಲ್ಲಿ ಅದು ತಾಳೆ, ತೆಂಗು, ಬೈನೆಯ ಮರಗಳನ್ನು ನೆಚ್ಚಿಕೊಂಡ ಮೂರ್ತೆದಾರರ ಕುಟುಂಬಗಳ ಮೇಲೆ ಎರಗಿತು. ಸಿಹಿಗಳ್ಳಿನಿಂದ ಬೆಲ್ಲ ಮಾಡುವ ಪರ್ಯಾಯವನ್ನು ಸರಕಾರ ತೋರಿಸಿತು. ಆದರೆ ತಲೆಮಾರುಗಳಿಂದ ಮರವೇರಿದವನ ಬದುಕು ಬೆಲ್ಲದಿಂದ ಸಾಗುವುದು ಎಷ್ಟು ಕಷ್ಟವೆಂಬುದನ್ನು ತುಳುನಾಡಿನ ಮನೆಗಳ ಹಿರಿಯರಿಗೆ ಹೇಳಬೇಕಾಗಿಲ್ಲ. ದೈವಗಳಿಗೆ ಕಳ್ಳನ್ನು ಸಲ್ಲಿಸುವ ಸಂಪ್ರದಾಯವುಳ್ಳ ನಾಡಿನಲ್ಲಿ ಕಳ್ಳು ಬರಿಯ ಅಮಲಿನ ವಸ್ತುವೂ ಆಗಿರಲಿಲ್ಲ. ೧೯೪೮ರ ನವೆಂಬರಿನಲ್ಲಿ ಸಂವಿಧಾನ ಸಭೆಯು, ಮುಂದೆ ೪೭ನೆಯ ಅನುಚ್ಛೇದವಾದ ಭಾಗಕ್ಕೆ ಪಾನನಿರೋಧವನ್ನು ಸೇರಿಸುವಾಗ ಜೈಪಾಲ ಸಿಂಗರು ಆದಿವಾಸಿಗಳ ಪರವಾಗಿ ಎತ್ತಿದ ಆಕ್ಷೇಪವು ನಮ್ಮ ಕರಾವಳಿಗೂ ಅನ್ವಯಿಸುವಂಥದು. ಆ ಅನುಚ್ಛೇದವು ಔಷಧೋದ್ದೇಶಗಳ ಹೊರತು ಮಾದಕ ಪಾನೀಯಗಳನ್ನು ನಿಷೇಧಿಸಲು ಪ್ರಯತ್ನಿಸಬೇಕೆಂದು ರಾಜ್ಯವನ್ನು ನಿರ್ದೇಶಿಸುತ್ತದೆ. ಅದೇ ಸಂವಿಧಾನದ ಏಳನೆಯ ಅನುಸೂಚಿಯು ಮದ್ಯದ ನಿಯಂತ್ರಣವನ್ನೂ ಅದರ ಮೇಲಿನ ಅಬಕಾರಿ ಸುಂಕವನ್ನೂ ರಾಜ್ಯಪಟ್ಟಿಯ ೮ನೆಯ ಮತ್ತು ೫೧ನೆಯ ನಮೂದುಗಳಲ್ಲಿ ಇರಿಸಿತು. ಅಂದರೆ ಯಾವ ಕೈಗೆ ಮದ್ಯವನ್ನು ಬಿಡಿಸುವ ಕರ್ತವ್ಯವನ್ನು ಕೊಟ್ಟಿತೋ ಅದೇ ಕೈಗೆ ಅದರ ಆದಾಯವನ್ನೂ ಕೊಟ್ಟಿತು.

೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ವಿಶಾಲ ಮೈಸೂರಿನೊಳಗೆ ಮದ್ಯದ ಎರಡು ಲೋಕಗಳು ಒಟ್ಟಿಗೆ ಬಂದವು. ಮದರಾಸಿನಿಂದ ಬಂದ ದಕ್ಷಿಣ ಕನ್ನಡ, ಮುಂಬಯಿಯಿಂದ ಬಂದ ಉತ್ತರದ ಜಿಲ್ಲೆಗಳು ಪಾನನಿರೋಧದ ಪ್ರದೇಶಗಳು. ಹೈದರಾಬಾದಿನಿಂದ ಬಂದ ಬೀದರ, ಕಲಬುರಗಿ, ರಾಯಚೂರುಗಳಲ್ಲಿ ಸಾರಾಯಿ, ಶೇಂದಿಗಳ ಗುತ್ತಿಗೆ ನಡೆಯುತ್ತಿತ್ತು. ಅದೇ ವರ್ಷದ ಮಾರ್ಚ್ ೩೧ರಂದು ಲೋಕಸಭೆಯು ಪಾನನಿರೋಧವನ್ನು ಎರಡನೆಯ ಪಂಚವಾರ್ಷಿಕ ಯೋಜನೆಯ ಅಂಗವೆಂದು ಭಾವಿಸಬೇಕೆಂದು ಠರಾವು ಮಾಡಿತ್ತು. ಠರಾವಿಗೆ ಅಭಾವವಿರಲಿಲ್ಲ; ಅಭಾವವಿದ್ದುದು ಹಣಕ್ಕೆ. ಮೈಸೂರು ೧೯೬೧ರಲ್ಲಿ ಪಾನನಿರೋಧದ ಅಧಿನಿಯಮವನ್ನು ರಚಿಸಿತು. ನಾಲ್ಕು ವರ್ಷ ಕಳೆಯುವುದರೊಳಗೆ ೧೯೬೫ರ ಅಬಕಾರಿ ಅಧಿನಿಯಮವನ್ನೂ ರಚಿಸಿತು. ೧೯೬೭ರಲ್ಲಿ ಪಾನನಿರೋಧವನ್ನು ಕೈಬಿಟ್ಟಿತು. ಆಗ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳು. ಗಾಂಧೀಯುಗದ ಒಬ್ಬ ಕಾಂಗ್ರೆಸ್ಸಿಗರ ಆಡಳಿತದಲ್ಲಿ ಹೀಗಾದುದನ್ನು ತತ್ತ್ವಚ್ಯುತಿಯೆಂದು ಹಳಿಯುವುದು ಸುಲಭ. ಹೊಸ ರಾಜ್ಯವೊಂದರ ನೀರಾವರಿ, ಶಾಲೆ, ರಸ್ತೆಗಳಿಗೆ ಹಣ ಹೊಂದಿಸಬೇಕಾದವನ ಸ್ಥಾನದಲ್ಲಿ ನಿಂತು ನೋಡಿದರೆ ಹಳಿಯುವ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಕೇಂದ್ರವು ಹಣದ ಮಾತನ್ನು ಆಡಲೇ ಇಲ್ಲವೆಂದು ಇದರ ಅರ್ಥವಲ್ಲ. ಆಡಿದಾಗ ಆದುದೇನೆಂಬುದಕ್ಕೆ ತಮಿಳುನಾಡಿನ ೧೯೭೧ರ ಪ್ರಸಂಗವು ಒಳ್ಳೆಯ ನಿದರ್ಶನ. ಹೊಸದಾಗಿ ಪಾನನಿರೋಧವನ್ನು ತರುವ ರಾಜ್ಯಗಳಿಗೆ ನೆರವು ದೊರೆಯುತ್ತದೆ. ಆದರೆ ಹಲವು ವರ್ಷಗಳಿಂದ ಅದನ್ನು ಪಾಲಿಸಿಕೊಂಡು ಬಂದ ತಮಗೆ ಆ ನೆರವಿಲ್ಲ ಎಂಬುದು ಮುಖ್ಯಮಂತ್ರಿ ಕರುಣಾನಿಧಿಯವರು ಪಾನನಿರೋಧವನ್ನು ಅಮಾನತ್ತಿನಲ್ಲಿಡುವಾಗ ಮುಂದಿಟ್ಟ ಕಾರಣಗಳಲ್ಲಿ ಒಂದು. ವಾದದಲ್ಲಿ ರಾಜಕೀಯದ ಜಾಣತನವಿರಬಹುದು, ತರ್ಕದೋಷವಂತೂ ಕಾಣುವುದಿಲ್ಲ. ಮನೆಯಲ್ಲಿ ಮೊದಲಿನಿಂದಲೂ ಉಪವಾಸವಿದ್ದ ಮಗನಿಗೆ ಏನೂ ಕೊಡದೆ, ನಾಳೆಯಿಂದ ಉಪವಾಸ ಮಾಡುತ್ತೇನೆನ್ನುವ ಮಗನಿಗೆ ಬಹುಮಾನ ಕೊಟ್ಟರೆ ಮೊದಲನೆಯವನು ಊಟಕ್ಕೆ ಕೂರದೆ ಇನ್ನೇನು ಮಾಡಿಯಾನು? ಬಳಿಕ ೧೯೭೭ರಲ್ಲಿ ಅಧಿಕಾರಕ್ಕೆ ಬಂದ ಮೊರಾರ್ಜಿ ದೇಸಾಯಿಯವರ ಸರಕಾರವು ನಾಲ್ಕು ವರ್ಷಗಳಲ್ಲಿ ದೇಶವೆಲ್ಲ ಪಾನನಿರೋಧ ಎಂದು ಹೊರಟು, ರಾಜ್ಯಗಳ ನಷ್ಟದಲ್ಲಿ ಅರ್ಧವನ್ನು ತುಂಬಿಕೊಡುವುದಾಗಿ ಹೇಳಿತು. ಉಳಿದ ಅರ್ಧ ಎಲ್ಲಿಂದ ಬರಬೇಕು? ಕರ್ನಾಟಕವು ಆ ದಾರಿಗೆ ಹೋಗಲಿಲ್ಲ. ಆ ಸರಕಾರವೂ ೧೯೭೯ರಲ್ಲಿ ಬಿದ್ದುಹೋಯಿತು.

ಅಮೆರಿಕದಲ್ಲಿ ಕೇಂದ್ರವು ಹಿಡಿದುಕೊಳ್ಳಬಹುದಾದ ಹಣ ರಾಜ್ಯದ ಮದ್ಯದ ಹಿತಕ್ಕಿಂತ ಭಾರವಾಗಿತ್ತು. ಇಲ್ಲಿ ಕೇಂದ್ರವು ಕೊಡಲು ಮುಂದಾದ ಹಣ ರಾಜ್ಯದ ಮದ್ಯದ ಆದಾಯಕ್ಕಿಂತ ಹಗುರವಾಗಿತ್ತು. ಒಂದು ತಕ್ಕಡಿಯಲ್ಲಿ ತೂಗಿದ ಲೆಕ್ಕವನ್ನು ಇನ್ನೊಂದು ತಕ್ಕಡಿಗೆ ಹಾಗೆಯೇ ತರುವಂತಿಲ್ಲ.

ಇನ್ನು ಹೆದ್ದಾರಿಯ ವಿಷಯ. ರಾಷ್ಟ್ರೀಯ ಹೆದ್ದಾರಿಗಳ ಬದಿಯಲ್ಲಿ ಮದ್ಯದಂಗಡಿಗಳಿಗೆ ಪರವಾನಗಿ ಕೊಡಬಾರದೆಂದು ರಾಷ್ಟ್ರೀಯ ರಸ್ತೆ ಸುರಕ್ಷಾ ಮಂಡಲಿಯು ೨೦೦೪ರ ಜನವರಿಯಲ್ಲಿ ಒಮ್ಮತದಿಂದ ಹೇಳಿತು. ಕೇಂದ್ರದ ಸಾರಿಗೆ ಮಂತ್ರಾಲಯವು ೨೦೦೭, ೨೦೧೧, ೨೦೧೩, ೨೦೧೪ರಲ್ಲಿ ರಾಜ್ಯಗಳಿಗೆ ಸುತ್ತೋಲೆಗಳನ್ನು ಕಳುಹಿಸಿತು. ಹತ್ತು ವರ್ಷಗಳಲ್ಲಿ ಕೇಂದ್ರವು ಮಾಡಿದ್ದು ಪತ್ರವ್ಯವಹಾರ. ಹಣವನ್ನು ತಡೆಹಿಡಿಯುವ ಉಪಾಯ ಅದಕ್ಕೆ ತಿಳಿಯದೆ ಇರಲಿಲ್ಲ. ಪೆಟ್ರೋಲು, ಡೀಸೆಲುಗಳ ಮೇಲಿನ ಸೆಸ್ಸಿನಿಂದ ತುಂಬುವ ಕೇಂದ್ರ ರಸ್ತೆ ನಿಧಿಗೆ ೨೦೦೦ದಲ್ಲಿ ಅಧಿನಿಯಮವಾಗಿತ್ತು. ಅದರ ಒಂದು ಪಾಲು ರಾಜ್ಯಗಳ ರಸ್ತೆಗಳಿಗೆ ಹೋಗುತ್ತಿತ್ತು. ಸಾರ್ವಜನಿಕ ಉದ್ದೇಶಕ್ಕೆ ಯಾವ ಅನುದಾನವನ್ನೂ ಕೊಡಬಹುದೆಂಬ ೨೮೨ನೆಯ ಅನುಚ್ಛೇದವೂ ಕೈಯಲ್ಲಿತ್ತು. ೨೦೨೦ರಲ್ಲಿ ರಾಜ್ಯಗಳ ಹೆಚ್ಚುವರಿ ಸಾಲದ ಮಿತಿಗೆ ಪಡಿತರ ಚೀಟಿ, ವ್ಯಾಪಾರ ಸೌಲಭ್ಯ, ನಗರಾಡಳಿತ, ವಿದ್ಯುತ್ತು ಈ ನಾಲ್ಕರ ಸುಧಾರಣೆಗಳನ್ನು ಷರತ್ತಾಗಿ ಕಟ್ಟಿದ ಕೇಂದ್ರವು ಒಂದೊಂದಕ್ಕೂ ರಾಜ್ಯದ ಉತ್ಪನ್ನದಲ್ಲಿ ನೂರಕ್ಕೆ ಕಾಲು ಭಾಗದ ಸಾಲವನ್ನು ಬೆಲೆಯಾಗಿ ಇರಿಸಿತ್ತು. ಮದ್ಯವು ಆ ಪಟ್ಟಿಯಲ್ಲಿರಲಿಲ್ಲ. ಷರತ್ತು ಹಾಕುವ ವಿದ್ಯೆ ದಿಲ್ಲಿಗೆ ಬರುತ್ತದೆ, ಯಾವುದಕ್ಕೆ ಹಾಕಬೇಕೆಂಬ ಆಯ್ಕೆಯಲ್ಲಿ ಅದರ ಮನಸ್ಸು ತಿಳಿಯುತ್ತದೆ.

ಕೇಂದ್ರದ ಸುತ್ತೋಲೆ ಮಾಡದ ಕೆಲಸವನ್ನು ಸರ್ವೋಚ್ಚ ನ್ಯಾಯಾಲಯವು ಒಂದು ಆದೇಶದಿಂದ ಮಾಡಲು ಹೊರಟಿತು. "ತಮಿಳುನಾಡು ರಾಜ್ಯ ವಿರುದ್ಧ ಕೆ. ಬಾಲು" ಎಂಬ ಮೊಕದ್ದಮೆಯಲ್ಲಿ ೨೦೧೬ರ ಡಿಸೆಂಬರ್ ೧೫ರಂದು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ ೫೦೦ ಮೀಟರುಗಳೊಳಗೆ ಮದ್ಯ ಮಾರಕೂಡದೆಂದು ಅದು ವಿಧಿಸಿತು. ೨೦೧೭ರ ಮಾರ್ಚ್ ೩೧ರಂದು, ೨೦ ಸಾವಿರದವರೆಗೆ ಜನಸಂಖ್ಯೆಯುಳ್ಳ ಸ್ಥಳೀಯ ಸಂಸ್ಥೆಗಳ ಎಲ್ಲೆಯಲ್ಲಿ ಈ ದೂರವನ್ನು ೨೨೦ ಮೀಟರಿಗೆ ಇಳಿಸಿತು. ಅದೇ ಜುಲೈಯಲ್ಲಿ, ನಗರಸಭೆಗಳ ಎಲ್ಲೆಯೊಳಗಿನ ಅಂಗಡಿಗಳಿಗೆ ಈ ಆದೇಶದ ಬಾಧೆಯಿಲ್ಲವೆಂದು ಸ್ಪಷ್ಟಪಡಿಸಿತು. ೨೦೧೮ರ ಫೆಬ್ರವರಿಯಲ್ಲಿ ಗ್ರಾಮ ಪಂಚಾಯತಿಗಳ ಪ್ರದೇಶದ ವಿಚಾರವನ್ನೂ ರಾಜ್ಯಗಳ ವಿವೇಚನೆಗೆ ಬಿಟ್ಟಿತು. ನಮ್ಮ ಜಿಲ್ಲೆಯ ನಕ್ಷೆಯ ಮೇಲೆ ಇದನ್ನು ಬಿಡಿಸಿ ನೋಡಿದರೆ ಫಲಿತಾಂಶ ಸೋಜಿಗವಾಗಿದೆ. ಮಲ್ಪೆಯಿಂದ ಆಗುಂಬೆಯತ್ತ ಹೋಗುವ ೧೬೯-ಎ ಹೆದ್ದಾರಿಯ ಮೇಲಿರುವ ಮಣಿಪಾಲವು ಉಡುಪಿ ನಗರಸಭೆಯ ಎಲ್ಲೆಯಲ್ಲಿರುವುದರಿಂದ ಜುಲೈಯ ಸ್ಪಷ್ಟೀಕರಣದ ನೆರಳಿಗೆ ಬಂದಿತು. ಪುರಸಭೆಯ ಎಲ್ಲೆಯೊಳಗಿನ ಕಾಪುವಿಗೂ ಅದೇ ನೆರಳು. ಕಾಪುವಿನ ತೆಂಕಣ ನೆರೆಯಾಗಿ, ಅದೇ ೬೬ನೆಯ ಹೆದ್ದಾರಿಯ ಮೇಲೆ, ಗ್ರಾಮ ಪಂಚಾಯತಿಯ ಆಡಳಿತದಲ್ಲಿರುವ ಪಡುಬಿದ್ರೆಗೆ ಮಾತ್ರ ಮುಂದಿನ ಫೆಬ್ರವರಿಯವರೆಗೆ ಅಳತೆಯ ಪಟ್ಟಿಯೇ ಗತಿ. ಕುಡಿದು ಲಾರಿ ನಡೆಸುವವನಿಗೆ ಪುರಸಭೆಗೂ ಪಂಚಾಯತಿಗೂ ಏನು ವ್ಯತ್ಯಾಸ?

ಆ ತೀರ್ಪಿನ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅದು ಓ'ಕಾನರರು ಎತ್ತಿದ ಪ್ರಶ್ನೆಯ ಬಳಿಗೇ ಬಂದು ಎಡವುತ್ತದೆ. ಕುಡಿದು ವಾಹನ ನಡೆಸುವ ಅಪರಾಧವು ನಮ್ಮಲ್ಲಿ ಮೋಟಾರು ವಾಹನಗಳ ಅಧಿನಿಯಮದ ೧೮೫ನೆಯ ಪ್ರಕರಣಕ್ಕೆ ಸೇರಿದುದು; ನೂರು ಮಿಲಿಲೀಟರು ರಕ್ತದಲ್ಲಿ ೩೦ ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರಕೂಡದೆಂಬ ಅದರ ನಿಯಮ ಗೋವೆಗೂ ಕೇರಳಕ್ಕೂ ಒಂದೇ. ಅದು ಸಂಸತ್ತಿನ ಕಾನೂನು. ಅದನ್ನು ಜಾರಿಗೊಳಿಸಲು ಬೇಕಾದುದು ರಾತ್ರಿಯಲ್ಲಿ ರಸ್ತೆಯ ಮೇಲೆ ನಿಲ್ಲುವ ಪೋಲೀಸರು ಮತ್ತು ಉಸಿರು ಪರೀಕ್ಷಿಸುವ ಯಂತ್ರ. ಅದಕ್ಕೆ ಅನುದಾನ ಕೊಟ್ಟು ಷರತ್ತು ಹಾಕಿದ್ದರೆ ಯಾವ ರಾಜ್ಯದ ಹಕ್ಕಿಗೂ ಧಕ್ಕೆಯಿರಲಿಲ್ಲ. ಬದಲಾಗಿ ಅಂಗಡಿಯ ದೂರವನ್ನು ಅಳೆಯುವ ದಾರಿಯನ್ನು ಹಿಡಿದುದರಿಂದ, ಪಟ್ಟಣಗಳೊಳಗಿನ ರಸ್ತೆಗಳನ್ನು ಹೆದ್ದಾರಿಯ ಪಟ್ಟಿಯಿಂದ ತೆಗೆಯುವುದು ಹೇಗೆಂಬ ಲೆಕ್ಕಾಚಾರದಲ್ಲಿ ರಾಜ್ಯಗಳು ತೊಡಗಿದವು. ಕರ್ನಾಟಕವೂ ಅದಕ್ಕಾಗಿ ಕೇಂದ್ರವನ್ನು ಕೇಳಿಕೊಂಡಿತು. ಆದಾಯವನ್ನು ಉಳಿಸಿಕೊಳ್ಳಲು ರಸ್ತೆಯ ಹೆಸರನ್ನೇ ಬದಲಿಸಲು ಹೊರಟ ಸರಕಾರಗಳನ್ನು ನೋಡಿ ನಗುವವರು ನಗಬಹುದು.

ಆ ಆದಾಯವು ಅಷ್ಟು ಪ್ರಿಯವಾಗಲು ಕಾರಣವೇನು? ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆ ಬಂದಾಗ ರಾ‍ಜಾಜಿಯವರು ಮದರಾಸಿಗೆ ತಂದ ಮಾರಾಟ ತೆರಿಗೆಯ ವಂಶವು ಬಹುಪಾಲು ಅದರಲ್ಲಿ ಲೀನವಾಯಿತು. ದರವನ್ನು ತಾನೊಬ್ಬನೇ ನಿರ್ಧರಿಸುವ ಸ್ವಾತಂತ್ರ್ಯ ರಾಜ್ಯಕ್ಕೆ ಉಳಿದುದು ಕೆಲವೇ ವಸ್ತುಗಳ ಮೇಲೆ. ಅವುಗಳಲ್ಲಿ ಮುಖ್ಯವಾದವು ಮಾನವ ಸೇವನೆಯ ಮದ್ಯ ಮತ್ತು ಪೆಟ್ರೋಲು, ಡೀಸೆಲುಗಳು. ನಷ್ಟಪರಿಹಾರದ ಐದು ವರ್ಷಗಳು ೨೦೨೨ರ ಜೂನ್ ೩೦ಕ್ಕೆ ಮುಗಿದವು. ಅದಕ್ಕೂ ಮೊದಲೇ, ಕೇಂದ್ರ ತೆರಿಗೆಗಳ ಹಂಚಿಕೆಯಲ್ಲಿ ಹದಿನಾಲ್ಕನೆಯ ಹಣಕಾಸು ಆಯೋಗವು ನೂರಕ್ಕೆ ೪.೭೧೩ ಎಂದಿದ್ದ ಕರ್ನಾಟಕದ ಪಾಲನ್ನು ಹದಿನೈದನೆಯ ಆಯೋಗವು ೨೦೨೧-೨೬ರ ಅವಧಿಗೆ ೩.೬೪೭ಕ್ಕೆ ಇಳಿಸಿತ್ತು. ೨೦೨೪-೨೫ರ ಆಯವ್ಯಯದಲ್ಲಿ ರಾಜ್ಯವು ಅಬಕಾರಿಯಿಂದ ನಿರೀಕ್ಷಿಸಿದ ಮೊತ್ತ ೩೮,೫೨೫ ಕೋಟಿ ರೂಪಾಯಿ. ೧೯೩೯ರಲ್ಲಿ ಮದ್ಯವನ್ನು ಬಿಟ್ಟು ಮಾರಾಟ ತೆರಿಗೆಗೆ ಹೋದ ದಾರಿಯನ್ನು ೨೦೧೭ರಲ್ಲಿ ಹಿಂದುಮುಂದಾಗಿ ನಡೆದಂತಾಯಿತು. ಕೇಂದ್ರವು ಮದ್ಯವನ್ನು ಹೆಚ್ಚು ಮಾರಿರೆಂದು ಯಾರಿಗೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಬೀಳಲಿಲ್ಲ.

ಈ ಹಿನ್ನೆಲೆಯಲ್ಲಿ ನಮ್ಮ ವಯೋಮಿತಿಯನ್ನು ನೋಡಬೇಕು. ೧೯೬೫ರ ಅಬಕಾರಿ ಅಧಿನಿಯಮದ ೩೬ನೆಯ ಪ್ರಕರಣವು ೧೮ ವರ್ಷದೊಳಗಿನವರಿಗೆ ಮದ್ಯ ಮಾರುವ ಪರವಾನಗಿದಾರನನ್ನು ಶಿಕ್ಷಿಸುತ್ತದೆ. ೧೯೬೭ರ ಪರವಾನಗಿಗಳ ಸಾಮಾನ್ಯ ಷರತ್ತುಗಳ ನಿಯಮಗಳಲ್ಲಿ ೧೦ನೆಯದು ೨೧ ವರ್ಷದೊಳಗಿನವರಿಗೆ ಮಾರಕೂಡದೆನ್ನುತ್ತದೆ. ಪಾನನಿರೋಧವನ್ನು ಕೈಬಿಟ್ಟ ವರ್ಷದಲ್ಲಿಯೇ ಈ ೨೧ ಬಂದುದು ಗಮನಾರ್ಹ. ಬಿಟ್ಟ ತತ್ತ್ವಕ್ಕೆ ಸಲ್ಲಿಸಿದ ಒಂದು ಸಣ್ಣ ತರ್ಪಣದಂತೆ ಅದು ನನಗೆ ತೋರುತ್ತದೆ, ಇದಕ್ಕೆ ಹೆಚ್ಚಿನ ಆಧಾರವಿದೆಯೆಂದು ನಾನು ಹೇಳುವುದಿಲ್ಲ. ೨೦೨೩ರ ಜನವರಿಯಲ್ಲಿ ಸರಕಾರವು ನಿಯಮದ ೨೧ನ್ನು ೧೮ಕ್ಕೆ ಇಳಿಸುವ ಕರಡನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಿತು. ವಿರೋಧವೆದ್ದೊಡನೆ ಅದೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಅಧಿನಿಯಮಕ್ಕೂ ನಿಯಮಕ್ಕೂ ಇರುವ ವಿರೋಧವನ್ನು ಕಳೆಯುವುದೇ ಉದ್ದೇಶವಾಗಿದ್ದರೆ ಅಧಿನಿಯಮದ ೧೮ನ್ನು ೨೧ಕ್ಕೆ ಏರಿಸುವ ಮಸೂದೆಯನ್ನು ವಿಧಾನಸಭೆಯ ಮುಂದೆ ತಂದಿದ್ದರೂ ವಿರೋಧವು ಕಳೆಯುತ್ತಿತ್ತು. ಎರಡು ದಾರಿಗಳಲ್ಲಿ ಗಿರಾಕಿಗಳನ್ನು ಹೆಚ್ಚಿಸುವ ದಾರಿಯನ್ನೇ ಆರಿಸಿದುದು ಕೇವಲ ಆಕಸ್ಮಿಕವೆಂದು ನಂಬುವುದಕ್ಕೆ ಇತಿಹಾಸದ ವಿದ್ಯಾರ್ಥಿಯಾದ ನನಗೆ ಮನಸ್ಸು ಬರುವುದಿಲ್ಲ.

ಇದು ನಮ್ಮಲ್ಲಿ ಯಾರನ್ನು ಮುಟ್ಟುತ್ತದೆಂದು ದೂರ ಹುಡುಕಬೇಕಾಗಿಲ್ಲ. ೧೯೫೩ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದಂದಿನಿಂದ ಮಣಿಪಾಲಕ್ಕೆ ದೇಶದ ಮೂಲೆಮೂಲೆಗಳಿಂದ ತರುಣರು ಬರುತ್ತಿದ್ದಾರೆ. ಹದಿನೇಳು, ಹದಿನೆಂಟಕ್ಕೆ ಬಂದು ಇಪ್ಪತ್ತೊಂದು, ಇಪ್ಪತ್ತೆರಡಕ್ಕೆ ಹೊರಡುವವರೇ ಅವರಲ್ಲಿ ಹೆಚ್ಚು. ಎರಡು ಅಂಕಿಗಳ ನಡುವಣ ಮೂರು ವರ್ಷಗಳಲ್ಲಿಯೇ ಅವರ ವಿದ್ಯಾರ್ಥಿಜೀವನ ಕಳೆಯುತ್ತದೆ. ಮತ ಹಾಕಲು, ವಾಹನ ನಡೆಸಲು, ಕರಾರಿಗೆ ಸಹಿ ಹಾಕಲು ಅವರು ಪ್ರಾಪ್ತವಯಸ್ಕರು. ಇದೊಂದಕ್ಕೆ ಮಾತ್ರ ಅಲ್ಲ. ಈ ಭೇದವನ್ನು ಸಮರ್ಥಿಸಬಹುದು, ನಾನು ಸಮರ್ಥಿಸುತ್ತೇನೆ ಕೂಡ. ಘಟ್ಟದ ರಸ್ತೆಯಲ್ಲಿ ಇರುಳು ಬೈಕು ಓಡಿಸುವ ಹತ್ತೊಂಬತ್ತರ ಹುಡುಗನ ವಿಷಯದಲ್ಲಿ ನನಗೆ ತತ್ತ್ವಕ್ಕಿಂತ ಭಯವೇ ಹೆಚ್ಚು. ಆದರೆ ಸಮರ್ಥಿಸುವ ಮಾತನ್ನು ಅವನಿಗೆ ಅವನ ಶಾಸನಸಭೆ ಹೇಳಬೇಕು. ಅಮೆರಿಕದಲ್ಲಿ ಅದನ್ನು ರಸ್ತೆಯ ಗುತ್ತಿಗೆಯ ಹಣ ಹೇಳಿತು. ಇಲ್ಲಿ ನಿಯಮಪುಸ್ತಕದ ಒಂದು ಉಪವಾಕ್ಯ ಹೇಳುತ್ತಿದೆ, ಅದೂ ಅಧಿನಿಯಮವು ಬೇರೆ ಹೇಳುತ್ತಿರುವಾಗ.

ಕಾರ್ಕಳದ ಆ ಹುಡುಗನಿಗೆ ಈಗ ನಾನು ಹೇಳುವುದು ಇಷ್ಟು: ಕೇಂದ್ರವು ಅನುದಾನವನ್ನು ತಡೆಹಿಡಿದು ನಮ್ಮಲ್ಲಿ ವಯಸ್ಸನ್ನು ಏರಿಸಬಹುದು, ಆದರೆ ಮದ್ಯದ ಆದಾಯವಿಲ್ಲದೆ ರಾಜ್ಯವು ಬದುಕುವ ದಾರಿಯನ್ನು ಅದರೊಡನೆ ಕೊಡದಿದ್ದರೆ, ಏರಿದ ವಯಸ್ಸು ಅಂಗಡಿಯ ಗೋಡೆಗೆ ತೂಗುಹಾಕಿದ ಫಲಕದಲ್ಲಿ ಉಳಿಯುತ್ತದೆ. ೨೦೨೩ರ ಕರಡು ಹಿಂದೆ ಹೋದ ಮೇಲೆ ಅಧಿನಿಯಮದ ೧೮ ಮತ್ತು ನಿಯಮದ ೨೧ ಎರಡೂ ಮೊದಲಿನಂತೆಯೇ ಉಳಿದವು. ಅವುಗಳಲ್ಲಿ ಯಾವುದನ್ನು ನಂಬಬೇಕೆಂದು ಅವನು ಮತ್ತೆ ಕೇಳಿದರೆ, ಅಂಗಡಿಯವನನ್ನು ಕೇಳು ಎಂದು ಹೇಳುವಂತಾಗಬಾರದೆಂಬುದಷ್ಟೇ ನನ್ನ ಅಳುಕು.